ಹಾಲುಕ್ಕದ ಬಂಗಲೆ

ಅರಳಿಹಾಳದ ರೈಲು ನಿಲ್ದಾಣದಿಂದ ಊರೊಳಗೆ ಬರುವ ದಾರಿಯಲ್ಲಿ, ನಿಂತುಹೋದ ಹತ್ತಿ ಕಾರ್ಖಾನೆಯ ಮೊಂಡು ಚಿಮಣಿಯನ್ನು ದಾಟಿದೊಡನೆ, ಎಡಗಡೆಗೆ ಒಂದು ಬಂಗಲೆ ಕಾಣುತ್ತದೆ. ದುಂಡನೆಯ ಮೊಗಸಾಲೆ, ಬರ್ಮಾ ತೇಗದ ಕಂಬಗಳು, ಕೆಂಪು ಹೆಂಚು, ಕಿಟಕಿಗಳ ನೆತ್ತಿಯಲ್ಲಿ ಹಸಿರು ಹಳದಿ ಗಾಜು. ಮುಂಬಾಗಿಲ ಕಮಾನಿನ ಮೇಲೆ ಎರಡು ಗಾರೆಯ ಗಿಳಿಗಳ ನಡುವೆ ‘ಶಿವಗಂಗಾ ವಿಲಾಸ’ ಎಂದು ಉಬ್ಬಕ್ಷರದಲ್ಲಿ ಬರೆದಿದೆ. ಗೇಟಿನ ಪಕ್ಕದಲ್ಲಿ ಸರಕಾರದ ನೀಲಿ ಹಲಗೆ ಇದೆ. ಇದು ಇಪ್ಪತ್ತನೆಯ ಶತಮಾನದ ಆರಂಭದ ವಾಸದ ಮನೆಯೆಂದೂ, ಸಂರಕ್ಷಿತ ಕಟ್ಟಡವೆಂದೂ, ಇದಕ್ಕೆ ಧಕ್ಕೆ ಮಾಡಿದವರಿಗೆ ಶಿಕ್ಷೆಯಾಗುವುದೆಂದೂ ಅದು ಹೇಳುತ್ತದೆ. ಆದರೆ ನಿಲ್ದಾಣದಲ್ಲಿ ಇಳಿದು ಆಟೋದವನಿಗೆ ಶಿವಗಂಗಾ ವಿಲಾಸಕ್ಕೆ ಬಿಡಪ್ಪಾ ಎಂದರೆ ಅವನು ತಲೆ ಕೆರೆದುಕೊಳ್ಳುತ್ತಾನೆ. ಹಾಲುಕ್ಕದ ಬಂಗಲೆ ಎಂದರೆ ಮಾತಿಲ್ಲದೆ ಗಾಡಿ ತಿರುಗಿಸುತ್ತಾನೆ. ಗಾರೆಯಲ್ಲಿ ಬರೆಸಿದ ಹೆಸರು ಒಂದು, ಊರಿನ ಬಾಯಲ್ಲಿ ಉಳಿದ ಹೆಸರು ಇನ್ನೊಂದು. ಯಾಕೆ ಹೀಗಾಯಿತೆಂದು ನಮ್ಮ ಕಡೆಯ ಹಿರಿಯರನ್ನು ಕೇಳಿದರೆ, ಅವರು ಮೊದಲು ಒಂದು ನಿಟ್ಟುಸಿರು ಬಿಟ್ಟು, ಆಮೇಲೆ ಸಾವಂತ್ರವ್ವನ ಹೆಸರು ಎತ್ತುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಯಲ್ಲಿ ಪ್ಲೇಗು ಬಂದು ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಕೂತಿದ್ದ ಕಾಲದಲ್ಲಿ, ಸಾವಂತ್ರವ್ವ ತಂದೆ, ತಾಯಿ, ಗಂಡ ಮೂವರನ್ನೂ ಕಳೆದುಕೊಂಡಳು. ಆಗ ಅವಳಿಗಿನ್ನೂ ಎಳೆಯ ಪ್ರಾಯ. ಗಂಡನ ಮನೆಯವರು ಸ್ಟೇಷನ್ ದಾರಿಯ ಪಕ್ಕದ ಒಂದು ತುಂಡು ಎರೆಹೊಲವನ್ನೂ, ಅದರಲ್ಲಿದ್ದ ಒಂದು ಸಿಹಿನೀರ ಬಾವಿಯನ್ನೂ ಅವಳ ಪಾಲಿಗೆ ಬಿಟ್ಟು ಕೈ ತೊಳೆದುಕೊಂಡರು. ತವರಿನಿಂದ ಅವಳ ಪಾಲಿಗೆ ಬಂದವನು ತಮ್ಮ ಗುರುಶಾಂತ, ಇನ್ನೂ ತೊದಲು ಮಾತಿನ ಕೂಸು. ಸಾವಂತ್ರವ್ವ ಒಂದು ಆಕಳು ಕಟ್ಟಿದಳು, ಅದರ ಕರುವನ್ನು ಬೆಳೆಸಿ ಎರಡು ಮಾಡಿದಳು, ಹಾಲು ಮಾರಿ ತಮ್ಮನನ್ನು ಸಾಲೆಗೆ ಹಾಕಿದಳು. ಆಳು ಕುಳ್ಳಿ, ಮಾತು ಕಡಿಮೆ, ಹಟ ಬಹಳ ಎಂದು ಅವಳ ಬಗ್ಗೆ ಹೇಳುತ್ತಾರೆ. ಹಬ್ಬ ಹುಣ್ಣಿಮೆಗೆ, ಮದುವೆ ಮುಂಜಿಗೆ ಅವಳ ಹಾಲು ಎಲ್ಲರಿಗೂ ಬೇಕಾಗಿತ್ತು. ಆದರೆ ಅದನ್ನು ಹಿತ್ತಿಲ ಬಾಗಿಲಲ್ಲಿ ಇಳಿಸಿಕೊಂಡು, ಅವಳನ್ನು ಅಲ್ಲಿಂದಲೇ ಕಳಿಸುತ್ತಿದ್ದರು. ಗಂಡ ಸತ್ತವಳು ಶುಭಕಾರ್ಯದ ನಡುಮನೆಗೆ ಬರಬಾರದು ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವಳೂ ಕೇಳುತ್ತಿರಲಿಲ್ಲ, ಬರಿದಾದ ತಂಬಿಗೆ ಹಿಡಿದುಕೊಂಡು ತಿರುಗಿ ಬರುತ್ತಿದ್ದಳು.

ಗುರುಶಾಂತ ಜಾಣ. ಸಾಲೆ ಮುಗಿಸಿ ಹತ್ತಿ ಪೇಟೆಯಲ್ಲಿ ಗುಮಾಸ್ತನಾಗಿ ಸೇರಿದವನು ದಲಾಲಿಗೆ ಇಳಿದ, ದಲಾಲಿಯಿಂದ ಕಾರ್ಖಾನೆಗೆ ಏರಿದ. ಊರವರು ಅವನನ್ನು ಗುರುಶಾಂತಪ್ಪನವರು ಎನ್ನತೊಡಗಿದರು. ಸೊಲ್ಲಾಪುರದ ಜವಳಿ ವ್ಯಾಪಾರಿ ಮಹಾರುದ್ರಪ್ಪನವರು ತಾವಾಗಿಯೇ ಬಂದು ಮಗಳು ಶಿವಗಂಗೆಯನ್ನು ಕೊಟ್ಟರು. ದೊಡ್ಡ ಮನುಷ್ಯನಾದ ಮೇಲೆ ದೊಡ್ಡ ಮನೆ ಬೇಕಲ್ಲ. ನಿಲ್ದಾಣದ ದಾರಿಯಲ್ಲಿ, ಹೋಗಿಬರುವವರ ಕಣ್ಣಿಗೆ ಬೀಳುವಂಥ ಜಾಗ ಹುಡುಕಿದರೆ, ಅಲ್ಲಿದ್ದದ್ದು ಅಕ್ಕನ ಹೊಲ. ಒಂದು ದಿನ ಗುರುಶಾಂತಪ್ಪ ಅಕ್ಕನ ಗುಡಿಸಲ ಮುಂದೆ ಬಂದು ಕೂತು, ಉಗುರಿನಿಂದ ನೆಲ ಕೆರೆಯುತ್ತ, ಕೇಳಲೋ ಬೇಡವೋ ಎಂದು ಕೇಳಿದ. ಸಾವಂತ್ರವ್ವ ಆಕಳ ಮೈ ತಿಕ್ಕುತ್ತಿದ್ದಳು. ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಹೊಲ ನಿಂದ ಅನ್ಕೊ. ನನಗೇನು ಬ್ಯಾಡ. ಒಂದ ಮಾತು ಐತಿ. ಮನಿ ಹೊಗೂ ದಿನ ಮೊದಲನೇ ಹಾಲು ನಾನು ಉಕ್ಕಸ್ತೀನಿ.”

“ಅದನ್ನೂ ಕೇಳಬೇಕೇನಕ್ಕಾ? ನನಗ ತಾಯಿನೂ ನೀನ, ತಂದಿನೂ ನೀನ. ನಿನ್ನ ಕೈಯಾಗಿನ ಹಾಲು ಉಕ್ಕದ ಹೊರ್ತು ಆ ಮನ್ಯಾಗ ಒಲಿ ಹೊತ್ತಂಗಿಲ್ಲ.” ಗುರುಶಾಂತಪ್ಪ ಆಕಳ ಬೆನ್ನ ಮೇಲೆ ಕೈಯಿಟ್ಟು ಆಣೆ ಮಾಡಿದ ಎನ್ನುತ್ತಾರೆ.

ಹೊಸ ಮನೆ ಹೊಕ್ಕಾಗ ಹೊಸ ಒಲೆ ಹೊತ್ತಿಸಿ ಹಾಲು ಉಕ್ಕಿಸುವುದು ನಮ್ಮಲ್ಲಿ ಬಡವ ಬಲ್ಲಿದ ಎಲ್ಲರೂ ಮಾಡುವ ಶಾಸ್ತ್ರ. ಗಡಿಗೆಯ ಕಂಠ ಮೀರಿ ಹಾಲು ಚೆಲ್ಲಿದರೆ ಮನೆಗೆ ಏಳಿಗೆ. ಉಕ್ಕಿಸಿದ ಕೈ ಯಾರದೋ ಅವಳೇ ಆ ಮನೆಯ ಹಿರಿಯಳು. ಆಸ್ತಿ ಯಾರ ಹೆಸರಿನಲ್ಲಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಎಲ್ಲರ ಹಿತ್ತಿಲಲ್ಲಿ ಹಾಲು ಇಳಿಸಿ ಹೋಗುತ್ತಿದ್ದ ಹೆಂಗಸಿಗೆ, ಒಂದೇ ಒಂದು ದಿನ, ಒಂದೇ ಒಂದು ಮನೆಯ ನಡುವೆ ಕೂತು, ಹತ್ತು ಜನರ ಎದುರಿಗೆ ಹಾಲು ಉಕ್ಕಿಸಬೇಕೆಂಬ ಆಸೆ. ಅವಳು ಜೀವಮಾನದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ ಎಂದು ಹಿರಿಯರು ಹೇಳುತ್ತಾರೆ. ಕೇಳಬಾರದ್ದನ್ನೇನೂ ಕೇಳಿರಲಿಲ್ಲ.

ಮನೆ ಏಳುತ್ತ ಹೋಯಿತು. ಗೋಡೆ ಕಟ್ಟಿದವರು ಗೌಂಡಿಗಳೇ ಆದರೂ ಆ ಗೋಡೆಗಳಿಗೆ ನೀರು ಕುಡಿಸಿದವಳು ಸಾವಂತ್ರವ್ವ. ಸುಣ್ಣದ ಗಾರೆ ಗಟ್ಟಿಯಾಗಬೇಕಾದರೆ ದಿನಾ ಸಂಜೆ ನೀರು ಹೊಡೆಯಬೇಕು. ಕೂಲಿಯವರು ಹೊಡೆದದ್ದು ಅವಳಿಗೆ ಸಾಲುತ್ತಿರಲಿಲ್ಲ. ಅವರು ಹೋದ ಮೇಲೆ ತನ್ನ ಬಾವಿಯಿಂದ ಕೊಡ ಹೊತ್ತು ಮತ್ತೊಮ್ಮೆ ಹೊಡೆಯುತ್ತಿದ್ದಳು. ಅಡಿಗೆಮನೆಯ ಒಲೆಯನ್ನಂತೂ ಎದುರಿಗೆ ನಿಂತೇ ಮಾಡಿಸಿದಳು. ಒಂದೇ ಕರಿಕಲ್ಲಿನಲ್ಲಿ ಮೂರು ಬಾಯಿಯ ಒಲೆ. ಕಲ್ಲುಕುಟಿಗನು ಊರಲ್ಲಿ ಎಲ್ಲರಿಗೂ ಮಾಡುವ ಎತ್ತರಕ್ಕೆ ಗುರುತು ಹಾಕಿದ್ದ. ಇವಳು ನೆಲದ ಮೇಲೆ ಚಕ್ಕಮಕ್ಕಳ ಹಾಕಿ ಕೂತು, ಕೈ ಮುಂದೆ ಚಾಚಿ, ತನಗೆ ಎಟಕುವಲ್ಲಿ ಗುರುತು ಹಾಕಿಸಿದಳು. “ಇಷ್ಟ ತಗ್ಗ ಮಾಡಿದ್ರ ಉಳದವ್ರು ಬಗ್ಗಿ ಬಗ್ಗಿ ನಡಾ ಮುರಕೋಬೇಕವ್ವಾ” ಎಂದು ಅವನು ನಕ್ಕನಂತೆ. “ಉಳದವ್ರು ಆಮ್ಯಾಲೆ. ಮೊದಲ ನಾ ಕೂತು ನೋಡ್ಬೇಕು” ಎಂದು ಇವಳೂ ನಕ್ಕಳಂತೆ. ಸಾವಂತ್ರವ್ವ ನಕ್ಕದ್ದನ್ನು ಕಂಡವರು ಊರಲ್ಲಿ ಕಡಿಮೆ, ಆದ್ದರಿಂದ ಈ ಮಾತು ಉಳಿದುಕೊಂಡಿದೆ.

ಮನೆ ಹೊಗುವ ದಿನ ಗೊತ್ತಾಯಿತು. ಸೊಲ್ಲಾಪುರದಿಂದ ಮಹಾರುದ್ರಪ್ಪನವರು ಬಳಗ ಸಮೇತ ಬಂದಿಳಿದರು. ಹಾಲು ಯಾರು ಉಕ್ಕಿಸುತ್ತಾರೆಂದು ತಿಳಿದಾಗ ಅವರು ಕೂಗಾಡಲಿಲ್ಲ, ದೊಡ್ಡವರು ಕೂಗಾಡುವುದಿಲ್ಲ. ಅಳಿಯನನ್ನು ಪಕ್ಕಕ್ಕೆ ಕರೆದು, ಹಣೆಯಲ್ಲಿ ಕುಂಕುಮವಿಲ್ಲದವಳ ಕೈಯಿಂದ ಆರಂಭವಾದ ಮನೆಯಲ್ಲಿ ನನ್ನ ಮಗಳು ಬಾಳುವುದು ಹೇಗೆ ಎಂದು ಮೆತ್ತಗೆ ಕೇಳಿದರು. ಮಾವನ ಎದುರು ಗುರುಶಾಂತಪ್ಪನಿಗೆ ಬಾಯಿ ಬರಲಿಲ್ಲ. ಅದನ್ನಾದರೂ ಒಪ್ಪಬಹುದು, ಜಗತ್ತಿನಲ್ಲಿ ಎಷ್ಟೋ ಜನಕ್ಕೆ ಮಾವನ ಎದುರು ಬಾಯಿ ಬರುವುದಿಲ್ಲ. ಅಕ್ಕನ ಬಳಿಗೆ ಹೋಗಿ, ಹೀಗಾಗಿದೆ ಅಕ್ಕಾ, ನನ್ನ ಕೈಲಾಗಲಿಲ್ಲ ಎಂದು ಅತ್ತಿದ್ದರೆ ಅವಳು ತಾನೇ ಹಿಂದೆ ಸರಿಯುತ್ತಿದ್ದಳು, ಅವಳಿಗೆ ಅಭ್ಯಾಸವಿತ್ತು. ಆದರೆ ಅವನು ಅಕ್ಕನೆದುರು ನಿಂತು ನಿಜ ಹೇಳುವ ಕಷ್ಟಕ್ಕೂ ಹೋಗಲಿಲ್ಲ.

ಅದಕ್ಕೆ ಸರಿಯಾಗಿ, ಮನೆ ಹೊಗುವ ಹಿಂದಿನ ದಿನವೇ ಶಾಸ್ತ್ರಕ್ಕೆಂದು ಹೊಸ ಮನೆಯ ಹಿತ್ತಿಲಿಗೆ ತಂದು ಕಟ್ಟಿದ್ದ ಸಾವಂತ್ರವ್ವನ ಆಕಳು, ಕೌಲಿ ಅದರ ಹೆಸರು, ಕರು ಹಾಕಿತು. ಈದ ಹೊಸತರಲ್ಲಿ ಬರುವುದು ಗಿಣ್ಣದ ಹಾಲು. ಹಳದಿಯಾಗಿ, ಅಂಟಂಟಾಗಿ ಇರುತ್ತದೆ, ಒಲೆಯ ಮೇಲಿಟ್ಟರೆ ಉಕ್ಕುವುದಿಲ್ಲ, ಗಟ್ಟಿಯಾಗಿ ಒಡೆದು ಕೂರುತ್ತದೆ. ಇನ್ನೊಂದು ಆಕಳು ಬತ್ತಿಹೋಗಿತ್ತು. ಶಾಸ್ತ್ರಕ್ಕೆ ಹಾಲು ಎಲ್ಲಿಂದ ತರಲಿ ಎಂದು ಅವಳು ಚಿಂತೆ ಮಾಡುತ್ತಿರುವಾಗ ಗುರುಶಾಂತಪ್ಪ ಬಂದು, ನಮ್ಮ ಮನೆದೇವರು ಮರಡಿಯ ವೀರಭದ್ರನ ಗುಡಿಗೆ ನೀನೇ ಹೋಗಿ ಕಾಯಿ ಒಡೆಸಿ, ಪೂಜಾರಿಯ ಆಕಳ ಹಾಲು ತಂದರೆ ಹೇಗೆ ಎಂದ. ದೇವರ ಹಾಲು ಉಕ್ಕಿದರೆ ಅದಕ್ಕಿಂತ ಹೆಚ್ಚಿನದೇನಿದೆ ಎಂದ. ಚಕ್ಕಡಿ ಹೂಡಿಸಿಕೊಡುತ್ತೇನೆ, ಇವತ್ತು ಹೋಗಿ ವಸ್ತಿ ಇದ್ದು, ನಾಳೆ ನಸುಕಿಗೆ ಹೊರಟು ಬಾ, ಮುಹೂರ್ತ ಹೇಗೂ ಹೊತ್ತೇರಿದ ಮೇಲೆ ಇದೆ ಎಂದ. ಸಾವಂತ್ರವ್ವನ ಕಣ್ಣಲ್ಲಿ ನೀರು ಬಂತು. ಪೇಟೆಯಲ್ಲಿ ಇಷ್ಟು ದೊಡ್ಡವನಾದರೂ ತಮ್ಮ ಮನೆದೇವರನ್ನು ಮರೆತಿಲ್ಲವಲ್ಲ ಎಂದು ಅವಳಿಗೆ ಹೆಮ್ಮೆಯಾಯಿತು. ಚಕ್ಕಡಿ ಹತ್ತುವ ಮುಂದೆ ತಿರುಗಿ ನಿಂತು ಹೇಳಿದ ಮಾತು ಇದೊಂದೇ:

“ಕೌಲಿ ಹಾಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ. ಎಲ್ಲಾ ಕರಕ್ಕ ಬಿಡ್ರಿ.”

“ಆತು ಹೋಗಕ್ಕಾ. ನೀ ಬರೂತನಕಾ ಎಲ್ಲಾರೂ ಹಾದಿ ಕಾಯ್ತೀವಿ” ಎಂದ ಗುರುಶಾಂತಪ್ಪ.

ಚಕ್ಕಡಿ ದಾರಿಯ ತಿರುವಿನಲ್ಲಿ ಮರೆಯಾದ ಮೇಲೆ ಮುಹೂರ್ತ ಸೂರ್ಯೋದಯಕ್ಕೆ ಸರಿಯಿತು. ಊರಿನ ಹೆಂಗಸರು ಯಾರಾದರೂ ಇದ್ದರೆ ಅಕ್ಕನೆಲ್ಲಿ ಎಂದು ಕೇಳಿಯಾರೆಂದು, ಅವರಿಗೆಲ್ಲ ಮಧ್ಯಾಹ್ನದ ಊಟಕ್ಕೆ ಮಾತ್ರ ಕರೆ ಹೋಯಿತು. ಬೆಳಗಿನ ಶಾಸ್ತ್ರಕ್ಕೆ ನಿಂತವರು ಸೊಲ್ಲಾಪುರದ ಬಳಗದವರು ಮಾತ್ರ, ಗವಳಿಗ ಮನೆ ಬಾಗಿಲಿಗೆ ತಂದು ಅಳೆದು ಕೊಟ್ಟ ಹಾಲನ್ನು ಕಂಡವರೇ ಹೊರತು ಕೊಟ್ಟಿಗೆಯ ಮುಖ ಕಂಡವರಲ್ಲ. ಒಲೆ ಹೊತ್ತಿಸುವ ಹೊತ್ತಿಗೆ, ಹಾಲು ಎಲ್ಲಿ ಎಂಬ ಪ್ರಶ್ನೆ ಬಂತು. ಹಿತ್ತಿಲಲ್ಲಿ ಮೈದುಂಬಿದ ಆಕಳು, ಪಕ್ಕದಲ್ಲಿ ಮುದ್ದಾದ ಕರು. ಮನೆಯ ಆಕಳ ಹಾಲಿಗಿಂತ ಶುಭ ಯಾವುದು ಎಂದು ಯಾರೋ ಹೇಳಿದರು, ಇನ್ಯಾರೋ ಕರುವನ್ನು ಎಳೆದು ಕಟ್ಟಿ, ಒದೆ ತಿಂದುಕೊಂಡು, ಕೆಚ್ಚಲು ಬರಿದಾಗುವ ತನಕ ಹಿಂಡಿ ತಂದರು. ಬೆಳ್ಳಿಯ ಗಡಿಗೆಯಲ್ಲಿ ಹಳದಿ ಹಾಲು. ಎಂಥ ದಪ್ಪ ಹಾಲು, ಬಂಗಾರದ ಬಣ್ಣ ಎಂದು ಬಳಗದವರು ಕೊಂಡಾಡಿದರು. ಆ ಗಡಿಗೆ ಮೊಗಸಾಲೆಯಲ್ಲಿ ಕೂತಿದ್ದ ಗುರುಶಾಂತಪ್ಪನ ಎದುರಿನಿಂದಲೇ ಹಾದುಹೋಯಿತು. ಆಕಳ ಹಾಲು ಕುಡಿದು, ಗಿಣ್ಣಕ್ಕಾಗಿ ಅಕ್ಕನ ಸೆರಗು ಹಿಡಿದು ಜಗ್ಗಿ ಬೆಳೆದವನು ಅವನು, ಒಂದು ನೋಟಕ್ಕೇ ತಿಳಿಯಿತು. ಇದು ಬೇಡ ಎಂದು ಹೇಳಬೇಕಾಗಿತ್ತು. ಹೇಳಿದರೆ ಬೇರೆ ಹಾಲು ಎಲ್ಲಿ ಎಂದು ಕೇಳುತ್ತಾರೆ, ಅದು ದಾರಿಯಲ್ಲಿ ಅಕ್ಕನ ತೊಡೆಯ ಮೇಲಿದೆ, ಅವಳು ಬರುವತನಕ ಕಾಯಿರಿ ಎನ್ನಬೇಕಾಗುತ್ತದೆ. ಅವನು ತಲೆ ತಗ್ಗಿಸಿ ಉಂಗುರ ತಿರುವುತ್ತ ಕೂತ. ಅಕ್ಕನನ್ನು ದೂರ ಕಳಿಸಿದ್ದನ್ನು ಊರು ಒಂದಲ್ಲ ಒಂದು ದಿನ ಮರೆಯುತ್ತಿತ್ತೇನೋ, ಹೀಗೆ ಸುಮ್ಮನೆ ಕೂತದ್ದನ್ನು ಮಾತ್ರ ಮರೆಯಲಿಲ್ಲ. ಇವತ್ತಿಗೂ ಇದನ್ನು ಹೇಳುವಾಗ ಹಿರಿಯರ ದನಿ ಏರುತ್ತದೆ.

ಶಿವಗಂಗೆ ಹೊಸ ಸೀರೆಯುಟ್ಟು ಒಲೆಯ ಮುಂದೆ ಬಂದಳು. ಅವಳು ಎತ್ತರದ ಹೆಣ್ಣು, ಆ ತಗ್ಗು ಒಲೆಗೆ ಬಗ್ಗುವುದೇ ಕಷ್ಟವಾಯಿತು. ಅವಳಿಗೆ ಈ ಕಪಟದ ಪೂರ್ತಿ ಸಂಗತಿ ತಿಳಿದಿರಲಿಲ್ಲ ಎನ್ನುವವರೂ ಇದ್ದಾರೆ, ಇರಲಿ. ಬಲಗಡೆಯ ಒಲೆಬಾಯಿಗೆ ಚಕ್ಕೆ ಇಟ್ಟು ಕರ್ಪೂರ ಹಚ್ಚಿದರು. ಎಲ್ಲರೂ ಗಡಿಗೆಯ ಕಂಠ ನೋಡುತ್ತ ನಿಂತರು. ಹಾಲು ಬಿಸಿಯಾಯಿತು, ಸುತ್ತ ಗುಳ್ಳೆ ಎದ್ದಿತು, ಮೇಲೆ ಮಾತ್ರ ಬರಲಿಲ್ಲ. ನಡುವೆ ಒಂದು ಬಿರುಕು ಬಿಟ್ಟಿತು. ನೋಡನೋಡುತ್ತ ಗಡಿಗೆಯ ತುಂಬ ಹಳದಿ ಗಡ್ಡೆ ಕಟ್ಟಿ ತಳಕ್ಕೆ ಕೂತಿತು. ಸನಾದಿಯವನು ಯಾವಾಗ ಜೋರಾಗಿ ಊದಬೇಕೆಂದು ಕಾದು ಕಾದು ಕೊನೆಗೆ ವಾದ್ಯ ಕೆಳಗಿಟ್ಟ. ಹಾಲು ಒಡೆಯಿತು ಎಂದು ಒಬ್ಬಾಕೆ ಸಣ್ಣಗೆ ಅಂದಳು. ಮತ್ತೊಬ್ಬಾಕೆ ಬಾಯಿಗೆ ಸೆರಗು ಇಟ್ಟುಕೊಂಡಳು. ಹೊಸ ಮನೆಯಲ್ಲಿ ಹಾಲು ಒಡೆದರೆ ಅದರ ಮುಂದಿನದನ್ನು ಯಾರೂ ಬಾಯಿಂದ ಆಡುವುದಿಲ್ಲ. ಮಹಾರುದ್ರಪ್ಪನವರು ಬೆಂಕಿ ಆರಿಸಲು ಹೇಳಿದರು.

ಇತ್ತ ಸಾವಂತ್ರವ್ವ ನಸುಕಿಗೇ ಹೊರಟಿದ್ದಳು. ಎರೆಮಣ್ಣಿನ ದಾರಿಯ ಕೊರಕಲಿನಲ್ಲಿ ಚಕ್ಕಡಿ ಎತ್ತಿ ಎತ್ತಿ ಹಾಕುತ್ತಿತ್ತು. ಹಿತ್ತಾಳೆಯ ತಂಬಿಗೆಯ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಅದನ್ನು ಕೆಳಗಿಟ್ಟರೆ ಚೆಲ್ಲೀತೆಂದು ದಾರಿಯುದ್ದಕ್ಕೂ ತೊಡೆಯ ಮೇಲೆ ಹಿಡಿದು ಕೂತಿದ್ದಳು. ಕೈ ಜೋಮು ಹಿಡಿದರೂ ಬಿಡಲಿಲ್ಲ. ಹೊತ್ತೇರುವುದರೊಳಗೆ ಬಂದೆನಲ್ಲ ಎಂಬ ಸಮಾಧಾನದಲ್ಲಿ ಗೇಟಿನ ಮುಂದೆ ಇಳಿದವಳಿಗೆ ಮೊದಲು ಕಂಡದ್ದು ಮೊಗಸಾಲೆಯ ತುಂಬ ಕಳಚಿ ಬಿಟ್ಟ ಕಾಲ್ಮರಿ, ಚಪ್ಪಲಿಗಳು. ಆಮೇಲೆ ಹೊಸ್ತಿಲಲ್ಲಿ ಒಡೆದ ಕಾಯಿ, ನೆಲದಲ್ಲಿ ತುಳಿದು ಹೋದ ಹೂವು. ಅವಳು ತಂಬಿಗೆ ಹಿಡಿದುಕೊಂಡೇ ನಡುಮನೆ ದಾಟಿ ಅಡಿಗೆಮನೆಗೆ ಹೋದಳು. ಶುಭಕಾರ್ಯದ ದಿನ ಅವಳು ಮುಂಬಾಗಿಲಿನಿಂದ ಒಳಗೆ ಬಂದದ್ದು ಅದೇ ಮೊದಲು, ಯಾರೂ ತಡೆಯಲಿಲ್ಲ. ತನ್ನ ಒಲೆಯ ಮೇಲೆ ಬೆಳ್ಳಿಯ ಗಡಿಗೆ, ಅದರಲ್ಲಿ ಹಳದಿ ಗಡ್ಡೆ. ಕೌಲಿಯ ಹಾಲನ್ನು ಅವಳು ಗುರುತಿಸದೆ ಇರುತ್ತಾಳೆಯೇ? ದೇವರ ಗುಡಿ, ಚಕ್ಕಡಿ, ಹೊತ್ತೇರಿದ ಮೇಲಿನ ಮುಹೂರ್ತ, ಹಾದಿ ಕಾಯ್ತೀವಿ ಎಂದ ಮಾತು ಎಲ್ಲವೂ ಅವಳಿಗೆ ಆ ಗಡಿಗೆಯಲ್ಲೇ ತಿಳಿಯಿತು.

ಗುರುಶಾಂತಪ್ಪ ಓಡಿಬಂದ. ಹಿಂದೆ ಮಾವನೂ ಬಂದರು. ಒಡೆದ ಹಾಲಿನ ಮನೆ ಎಂದು ಮಧ್ಯಾಹ್ನದೊಳಗೆ ಊರೆಲ್ಲ ಆಡಿಕೊಳ್ಳುತ್ತದೆ, ಅದನ್ನು ಸರಿಮಾಡುವ ಹಾಲು ಆ ಮನೆಯಲ್ಲಿ ಅವಳೊಬ್ಬಳ ಕೈಯಲ್ಲಿತ್ತು. ದೇವರ ಹಾಲು ಬಂದಿದೆ, ಇನ್ನು ಹಿರಿಯಕ್ಕನೇ ಉಕ್ಕಿಸಲಿ, ನಮ್ಮದೇನೂ ಅಡ್ಡಿಯಿಲ್ಲ ಎಂದು ಮಹಾರುದ್ರಪ್ಪನವರೇ ಹೇಳಿದರು. ಗುರುಶಾಂತಪ್ಪ ಅಕ್ಕನ ಕಾಲ ಹತ್ತಿರ ಕೂತುಬಿಟ್ಟ.

“ಅಕ್ಕಾ, ಉಕ್ಕಸಕ್ಕಾ. ನೀ ಹೇಳಿದಂಗ ನೀನ ಉಕ್ಕಸು. ಯಾರೂ ಏನೂ ಅನ್ನಂಗಿಲ್ಲ.”

ಅವಳು ಬಯಸಿದ್ದೆಲ್ಲ ಅಲ್ಲೇ ಇತ್ತು. ತನ್ನ ಕೈಯಳತೆಯ ಒಲೆ, ತಂಬಿಗೆಯಲ್ಲಿ ಹಾಲು, ಸುತ್ತ ನಿಂತ ಜನ. ಕೂತು ಕಡ್ಡಿ ಗೀರುವುದೊಂದೇ ಬಾಕಿ. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು, ಅವಳ ಮೊಣಕಾಲು ಒಂದು ಸಲ ಮಡಿಚಿತು ಎನ್ನುತ್ತಾರೆ. ಆಮೇಲೆ ನೆಟ್ಟಗೆ ನಿಂತಳು.

“ಮುಂಜಾನೆ ಕೆಟ್ಟಿದ್ದ ಕೈ ಈಗ ಹೆಂಗ ಚಲೋ ಆತೋ ತಮ್ಮಾ?”

ಸಾವಂತ್ರವ್ವ ಗಡಿಗೆಯ ಕಡೆ ನೋಡಿ ಶಿವಗಂಗೆಗೆ ಹೇಳಿದಳು: “ಇದು ಅಪಶಕುನ ಅಲ್ಲವಾ, ಗಿಣ್ಣ. ಬೆಲ್ಲ ಹಾಕ್ರಿ, ಯಾಲಕ್ಕಿ ಹಾಕ್ರಿ, ತಿನ್ನಾಕ ಚಲೋ ಇರ್ತೈತಿ.” ಬಾಗಿಲ ತನಕ ಹೋದವಳು ಮತ್ತೆ ತಿರುಗಿದಳು. “ಕರಕ್ಕರ ಏನಾರ ಬಿಟ್ಟೀರೇನು?”

ಅವಳು ಹಿತ್ತಿಲಿಗೆ ಹೋದಳು. ಬೆಳಗಿನಿಂದ ಕಟ್ಟಿಹಾಕಿದ ಕರು ಹಸಿವಿಗೆ ತನ್ನ ಹಗ್ಗವನ್ನೇ ಚೀಪುತ್ತಿತ್ತು. ಸಾವಂತ್ರವ್ವ ನೆಲದ ಮೇಲೆ ಚಕ್ಕಮಕ್ಕಳ ಹಾಕಿ ಕೂತು, ಒದ್ದೆ ಬಟ್ಟೆ ಬಿಚ್ಚಿ, ದೇವರ ಹಾಲಿನಲ್ಲಿ ಬೆರಳು ಅದ್ದಿ ಅದ್ದಿ ಕರುವಿಗೆ ಚೀಪಿಸಿದಳು. ತಂಬಿಗೆ ಬರಿದಾಗುವ ತನಕ ಏಳಲಿಲ್ಲ. ಬೆಳ್ಳಿ ಬಂಗಾರ ತೊಟ್ಟ ಬಳಗದವರು ಹಿತ್ತಿಲ ಬಾಗಿಲಲ್ಲಿ ಒತ್ತಾಗಿ ನಿಂತು ನೋಡಿದರು. ಆಮೇಲೆ ಅವಳು ಕೌಲಿಯ ಹಗ್ಗ ಬಿಚ್ಚಿ, ಕರುವನ್ನು ಹೆಗಲಿಗೆ ಹಾಕಿಕೊಂಡು, ಊರಾಚೆಯ ತನ್ನ ಗುಡಿಸಲಿಗೆ ನಡೆದುಹೋದಳು. ಆ ಮನೆಯ ಹೊಸ್ತಿಲನ್ನು ಮತ್ತೆ ದಾಟಲಿಲ್ಲ.

ಅವಳು ಶಾಪ ಹಾಕಿದಳೆಂದು ಕೆಲವರು ಹೇಳುತ್ತಾರೆ. ಹಾಕಲಿಲ್ಲ. ಅವಳು ಮಾಡಿದ್ದು ಬೇರೆ. ಕೌಲಿಯ ಗಿಣ್ಣ ಕಳೆದ ದಿನದಿಂದ, ಬೆಳಗಾದರೆ ಬಂಗಲೆಯ ಗೇಟಿಗೆ ಸಾವಂತ್ರವ್ವನ ತಂಬಿಗೆ ಬರುತ್ತಿತ್ತು, ತಮ್ಮನ ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಅದೇ ಹಾಲು ಕುಡಿದು ಬೆಳೆದರು. ಆದರೆ ಊರಿಗೆಲ್ಲ ಹಸಿಹಾಲು ಕೊಡುವವಳು ಈ ಮನೆಗೆ ಮಾತ್ರ ತನ್ನ ಗುಡಿಸಲಲ್ಲೇ ಉಕ್ಕಿಸಿ, ಕಾಯಿಸಿ, ಆರಿಸಿ ಕಳಿಸುತ್ತಿದ್ದಳು. ಬಂಗಲೆಯ ಆ ಒಲೆಯ ಮೇಲೆ ಹಾಲಿಡುವ ಕೆಲಸವೇ ಬರದಂತೆ ನೋಡಿಕೊಂಡಳು. ಇದು ಪ್ರೀತಿಯೋ ಶಿಕ್ಷೆಯೋ ಎಂದು ಊರಲ್ಲಿ ಈಗಲೂ ಜಗಳವಾಗುತ್ತದೆ. ಎರಡೂ ಇರಬಹುದು. ಗುರುಶಾಂತಪ್ಪ ಹೆದರಿ ಆ ಅಡಿಗೆಮನೆಗೆ ಬೀಗ ಹಾಕಿಸಿ, ಹಿತ್ತಿಲಲ್ಲಿ ತಗಡಿನ ಮಾಡು ಹಾಕಿ ಅಡಿಗೆ ಮಾಡಿಸಿದ. ಪ್ರತಿ ದೀಪಾವಳಿಗೆ ಅಕ್ಕನ ಗುಡಿಸಲ ಮುಂದೆ ಹೋಗಿ ಕೂರುತ್ತಿದ್ದ. ಅವಳು ಉಣ್ಣಲು ಹಾಕುತ್ತಿದ್ದಳು, ಆರೋಗ್ಯ ಕೇಳುತ್ತಿದ್ದಳು, ಮನೆಗೆ ಬಾ ಎಂದರೆ ಮಾತ್ರ ಆಕಳ ಮೈ ತಿಕ್ಕಲು ಏಳುತ್ತಿದ್ದಳು. ಶಿವಗಂಗಾ ವಿಲಾಸ ಎಂದು ಗಾರೆಯಲ್ಲಿ ಬರೆಸಿದ ಹೆಸರನ್ನು ಊರು ಒಂದು ದಿನವೂ ಬಾಯಲ್ಲಿ ಇಟ್ಟುಕೊಳ್ಳಲಿಲ್ಲ, ಹಾಲುಕ್ಕದ ಬಂಗಲೆ ಎಂದೇ ಕರೆಯಿತು. ಸಾವಂತ್ರವ್ವ ತೀರಿಕೊಂಡ ಬೆಳಿಗ್ಗೆ ಗೇಟಿಗೆ ತಂಬಿಗೆ ಬರಲಿಲ್ಲ. ಅದರಿಂದಲೇ ಗುರುಶಾಂತಪ್ಪನಿಗೆ ಗೊತ್ತಾಯಿತಂತೆ. ಮಣ್ಣು ಮುಗಿಸಿ ಬಂದವನು ಬೀಗ ತೆಗೆಸಿ, ಆ ತಗ್ಗು ಒಲೆಯ ಮುಂದೆ ಬರಿಗಡಿಗೆ ಇಟ್ಟುಕೊಂಡು ಸಂಜೆಯ ತನಕ ಕೂತಿದ್ದನಂತೆ. ಬೆಂಕಿ ಹಚ್ಚುವ ಧೈರ್ಯ ಬರಲಿಲ್ಲ.

ಮೊಮ್ಮಕ್ಕಳ ಕಾಲಕ್ಕೆ ಮನೆ ಸರಕಾರದ ವಶಕ್ಕೆ ಹೋಯಿತು. ಈಗ ಹೋದವರು ಬಣ್ಣದ ಗಾಜು ನೋಡುತ್ತಾರೆ, ತೇಗದ ಕಂಬ ತಟ್ಟುತ್ತಾರೆ, ಗಿಳಿಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಡಿಗೆಮನೆಗೆ ಬಂದಾಗ ಮಾತ್ರ ಸ್ವಲ್ಪ ತಡೆಯುತ್ತಾರೆ. ನೂರು ವರ್ಷದ ಮನೆ, ಅದರ ಕರಿಕಲ್ಲಿನ ಒಲೆ ನಿನ್ನೆ ಕಡೆದಿಟ್ಟಂತೆ ಇದೆ. ಎರಡು ಬಾಯಿಗೆ ಹೊಗೆಯ ಸೋಂಕೇ ಇಲ್ಲ, ಬಲಗಡೆಯದರಲ್ಲಿ ಅಂಗೈಯಗಲದ ಒಂದು ಮಸಿಯ ಕಲೆ ಇದೆ. ಅದರ ಮುಂದೆ ನಿಂತು ಬಗ್ಗಿದವರಿಗೆ ನಡ ನೋಯುತ್ತದೆ. ನೆಲದ ಮೇಲೆ ಚಕ್ಕಮಕ್ಕಳ ಹಾಕಿ ಕೂತು ಕೈ ಚಾಚಿದರೆ, ಕುಳ್ಳಗಿನ ಹೆಂಗಸರಿಗೆ ಅದು ಸರಿಯಾಗಿ ಎಟಕುತ್ತದೆ. ಮನೆ ಕಾಯುವವನು ತನ್ನ ಚಹಾವನ್ನು ಗೇಟಿನಾಚೆ, ರಸ್ತೆಯ ಬದಿಯಲ್ಲಿ ಮೂರು ಕಲ್ಲು ಹೂಡಿ ಕಾಯಿಸಿಕೊಳ್ಳುತ್ತಾನೆ. ಯಾಕಪ್ಪಾ, ಒಳಗೆ ಇಷ್ಟು ಚಂದದ ಒಲೆ ಇದೆಯಲ್ಲ ಎಂದು ಕೇಳಿದರೆ, ಒಲೆಯ ಮೇಲೆ ಇಲಾಖೆಯವರು ತೂಗುಹಾಕಿದ ಸಣ್ಣ ಹಲಗೆಯನ್ನು ತೋರಿಸುತ್ತಾನೆ. ಇಲ್ಲಿ ಬೆಂಕಿ ಹೊತ್ತಿಸಬಾರದು ಎಂದು ಅದರಲ್ಲಿ ಬರೆದಿದೆ.